ಮೇವಿನ ಹುಲ್ಲಿನ ಅಂಗಾಂಶ ಕೃಷಿ: ಬಾಟಲಿಯಿಂದ ಹೊಲದವರೆಗೆ, ಕಲಬುರಗಿಯ ಬಿಸಿಲಿಗೆ ಹೊಂದಿಸಿಕೊಂಡು

ನೇಪಿಯರ್ ಹುಲ್ಲಿನ ಎರಡು ಗೆಣ್ಣಿನ ತುಂಡನ್ನು ಬೋದಿಗೆ ಊರಿ ನೀರು ಬಿಟ್ಟರೆ ತಾನಾಗಿಯೇ ಚಿಗುರುತ್ತದೆ. ಹೀಗಿರುವಾಗ ಅಂಗಾಂಶ ಕೃಷಿ ಎಂದು ಅದೇ ಹುಲ್ಲಿನ ಸಣ್ಣ ತುಂಡನ್ನು ಬಾಟಲಿಯೊಳಗೆ ಬೆಳೆಸಿ ಗಿಡ ಹುಟ್ಟಿಸುವ ಗೊಡವೆ ಯಾಕೆ ಎಂದು ಆಳಂದ, ಚಿಂಚೋಳಿ ಕಡೆಯ ಯಾವ ಹೈನುಗಾರನಾದರೂ ಕೇಳುತ್ತಾನೆ. ಕೇಳುವುದು ಸರಿಯೇ. ಎಮ್ಮೆಗೆ ಹಸಿಮೇವು ಬೇಕು ಎಂಬುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಪಕ್ಕದ ಹೊಲದಿಂದ ಒಂದು ಹೊರೆ ಕಾಂಡ ತಂದು ನೆಡಿ, ಲ್ಯಾಬ್ ಬೇಡ.

ಲ್ಯಾಬ್ ಬೇಕಾಗುವುದು ತಳಿಯ ಗುಣವನ್ನೇ ಬದಲಿಸಬೇಕು ಎಂದಾಗ. ಸಿಒ-4, ಡಿಎಚ್‌ಎನ್-6 ಮುಂತಾದ ಸಜ್ಜೆ-ನೇಪಿಯರ್ ಹೈಬ್ರಿಡ್‌ಗಳಲ್ಲಿ ಸಜ್ಜೆಯಿಂದ 7, ನೇಪಿಯರ್‌ನಿಂದ 14, ಒಟ್ಟು 21 ವರ್ಣತಂತುಗಳಿವೆ. ಅವು ಸರಿಯಾಗಿ ಜೋಡಿಯಾಗದ ಕಾರಣ ತೆನೆ ಬಂದರೂ ಕಾಳು ಕಟ್ಟುವುದಿಲ್ಲ. ಕಾಳಿಲ್ಲದ ಮೇಲೆ ಮತ್ತೊಂದು ತಳಿಯೊಂದಿಗೆ ಸಂಕರ ಮಾಡುವ ದಾರಿಯೂ ಇಲ್ಲ. ಗಿನಿ ಹುಲ್ಲು, ಅಂಜನ್ ಹುಲ್ಲುಗಳಲ್ಲಿ ಕಾಳೇನೋ ಕಟ್ಟುತ್ತದೆ. ಆದರೆ ಬಹುಪಾಲು ಕಾಳಿನ ಭ್ರೂಣ ಗಂಡಿನ ಪಾಲಿಲ್ಲದೆ ತಾಯಿಯ ಜೀವಕೋಶದಿಂದಲೇ ಆಗಿರುತ್ತದೆ. ಬಿತ್ತಿದರೆ ತಾಯಿಯ ಪಡಿಯಚ್ಚೇ ಏಳುತ್ತದೆ. ಇಂಥ ಹುಲ್ಲುಗಳಲ್ಲಿ ಹೊಸ ಗುಣ ಹುಡುಕಲು ಕ್ಯಾಲಸ್, ಅಂದರೆ ಗಿಡದ ತುಂಡಿನಿಂದ ಬಾಟಲಿಯಲ್ಲಿ ಬೆಳೆಯುವ ಆಕಾರವಿಲ್ಲದ ಜೀವಕೋಶಗಳ ಗುಪ್ಪೆ, ಒಂದು ಬಾಗಿಲು. ಸುರಪುರ, ಶಹಾಪುರ ಕಡೆ ಕಾಲುವೆ ನೀರು ಬಂದ ಮೇಲೆ ಸವಳು ಹತ್ತಿದ ಹೊಲಗಳನ್ನು ನೋಡಿದವರಿಗೆ ಆ ಬಾಗಿಲಿನ ಬೆಲೆ ಬೇಗ ತಿಳಿಯುತ್ತದೆ.

ಇನ್ನೊಂದು ಮಾತನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ತಾಯಿಯಂತೆಯೇ ಇರುವ ಸಸಿ ಬೇಕೆಂದರೆ ಕ್ಯಾಲಸ್‌ಗೆ ಹೋಗಬೇಡಿ. ಸುಳಿಯ ತುದಿ ಅಥವಾ ಗೆಣ್ಣಿನ ಮೊಗ್ಗನ್ನು ತೆಗೆದು ನೇರವಾಗಿ ಬಿಎಪಿ ಎಂಬ ಚಿಗುರಿಸುವ ಹಾರ್ಮೋನು ಇರುವ ಮಾಧ್ಯಮದಲ್ಲಿ (ಪೋಷಕಾಂಶಗಳ ಮಿಶ್ರಣದಲ್ಲಿ) ಚಿಗುರಿಸಿ. ಕ್ಯಾಲಸ್ ಹಂತ ದಾಟಿ ಬಂದ ಗಿಡಗಳ ಗುಣದಲ್ಲಿ ಏರುಪೇರು ಇದ್ದೇ ಇರುತ್ತದೆ. ತಳಿ ಹುಡುಕುವವನಿಗೆ ಅದು ಬಂಡವಾಳ, ಸಸಿ ಮಾರುವವನಿಗೆ ತಲೆನೋವು. ಮುಂದೆ ಹೇಳುವುದೆಲ್ಲ ಕ್ಯಾಲಸ್ ದಾರಿಯದು.

ಲೆಕ್ಕ ಕೊನೆಯಿಂದ ಶುರುವಾಗಲಿ

ಕೈಪಿಡಿಗಳೆಲ್ಲ ಅಂಗಾಂಶದ ತುಂಡಿನಿಂದ ಆರಂಭಿಸಿ ಕೊನೆಯ ಒಂದು ಪ್ಯಾರಾದಲ್ಲಿ ಸಸಿಯನ್ನು ಹೊರಗಿಡುತ್ತವೆ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ. ಬಾಟಲಿಯೊಳಗಿನ ತೇವದಲ್ಲಿ ಬೆಳೆದ ಎಲೆಗೆ ಮೇಣದ ಪದರ ತೆಳು, ಪತ್ರರಂಧ್ರಗಳು ಸರಿಯಾಗಿ ಮುಚ್ಚುವುದಿಲ್ಲ, ಬೇರಿಗೆ ಬೇರುಗೂದಲು ಕಡಿಮೆ. ಅಂಥ ಸಸಿಯನ್ನು 42 ಡಿಗ್ರಿಯ ಒಣ ಝಳಕ್ಕೆ ತೆಗೆದರೆ ಸಂಜೆಯೊಳಗೆ ಮುದುಡಿಹೋಗುತ್ತದೆ. ಹಾಗಾಗಿ ಹೊರಗೆ ತೆಗೆಯುವ ಕೆಲಸಕ್ಕೆ ಮಳೆಗಾಲ, ಅಂದರೆ ಜೂನ್ ಕೊನೆಯಿಂದ ಸೆಪ್ಟೆಂಬರ್, ಎಂದು ಗೊತ್ತು ಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ಕ್ಯಾಲಸ್ ಮೂಡಲು 4ರಿಂದ 6 ವಾರ, ಅದನ್ನು ಹೊಸ ಮಾಧ್ಯಮಕ್ಕೆ ಬದಲಿಸಿ ಹೆಚ್ಚಿಸಲು 3ರಿಂದ 4, ಚಿಗುರು ಬರಲು 4ರಿಂದ 6, ಬೇರಿಗೆ 2ರಿಂದ 3 ವಾರ. ಒಟ್ಟು 13ರಿಂದ 19 ವಾರ ಹಿಡಿಯಿರಿ. ಫೆಬ್ರುವರಿ ಮೊದಲ ವಾರ ಶುರುಮಾಡಿದರೆ ಜೂನ್ ಕೊನೆಗೆ ಸರಿಹೋಗುತ್ತದೆ.

ತೊಡಕು ಇರುವುದು ಇಲ್ಲಿ: ಕ್ಯಾಲಸ್‌ಗೆ ಅತ್ಯುತ್ತಮವಾದ ಅಂಗಾಂಶ ಎಂದರೆ ಹೊಡೆಯೊಳಗಿನ ಎಳೆ ತೆನೆ. ನೇಪಿಯರ್ ಹೂಬಿಡುವುದು ಹಗಲು ಚಿಕ್ಕದಾದಾಗ, ದೀಪಾವಳಿಯ ಆಚೀಚೆ. ನವೆಂಬರ್‌ನಲ್ಲಿ ತೆನೆ ತೆಗೆದರೆ ಸಸಿ ತಯಾರಾಗುವುದು ಮಾರ್ಚ್‌ನಲ್ಲಿ, ಬಿಸಿಲು ಏರುವ ಹೊತ್ತಿಗೆ. ಇದಕ್ಕೆ ಎರಡು ಉಪಾಯ ಇವೆ. ಒಂದು, ತೆನೆ ಬಿಟ್ಟು ಫೆಬ್ರುವರಿಯಲ್ಲಿ ಸುಳಿಯ ಎಳೆ ಎಲೆ ಬಳಸುವುದು. ಇನ್ನೊಂದು, ನವೆಂಬರ್‌ನಲ್ಲೇ ತೆನೆ ತೆಗೆದು, ಮಾರ್ಚ್‌ಗೆ ಬಂದ ಚಿಗುರನ್ನು ತಿಂಗಳಿಗೊಮ್ಮೆ ಬಾಟಲಿ ಬದಲಿಸುತ್ತ, ಮರಿ ಒಡೆಸುತ್ತ ಮಳೆಯವರೆಗೆ ಕಾಯುವುದು. ನಾನು ಎರಡನೆಯದರ ಪರ. ಆದರೆ ಕಾಯುವುದಾದರೆ ಚಿಗುರಾಗಿ ಕಾಯಿಸಿ, ಕ್ಯಾಲಸ್ ಆಗಿ ಅಲ್ಲ. ಕ್ಯಾಲಸ್‌ಗೆ ವಯಸ್ಸಾದಷ್ಟೂ ಚಿಗುರುವ ಶಕ್ತಿ ಕುಂದುತ್ತದೆ, ಬಿಳಿಚಿದ ಗಿಡಗಳು ಹೆಚ್ಚುತ್ತವೆ.

ಜಾಗ, ನೀರು, ಕರೆಂಟು

ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿ ಬೀಸುವ ಕೆಲಸದ ಪೆಟ್ಟಿಗೆ), ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಶುದ್ಧೀಕರಿಸುವ ಪಾತ್ರೆ), ಹುಳಿ-ಕ್ಷಾರ ಅಳೆಯುವ ಪಿಎಚ್ ಮೀಟರ್, ಮಿಲಿಗ್ರಾಂ ತೂಗುವ ತಕ್ಕಡಿ, ಫ್ರಿಡ್ಜ್, ಎಸಿ ಇರುವ ಒಂದು ಕೋಣೆ: ಇಷ್ಟಿಲ್ಲದೆ ಕೈಹಾಕಬೇಡಿ. ಸ್ವಂತದ್ದು ಇಲ್ಲದ ವಿದ್ಯಾರ್ಥಿಗಳು ಕೃಷಿ ಕಾಲೇಜು ಅಥವಾ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕಲಿಯಬೇಕು. ಮೇವಿನ ತಳಿಗಳ ವಿಷಯ ಕೇಳಲು ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಪಶುವೈದ್ಯಕೀಯ ವಿಶ್ವವಿದ್ಯಾಲಯವಂತೂ ಬೀದರ್‌ನಲ್ಲೇ ಇದೆ.

ಕೋಣೆ ಆರಿಸುವಾಗ ದಾಲ್ ಮಿಲ್ಲಿನ ಗಾಳಿ ಬೀಸುವ ದಿಕ್ಕು ಬೇಡ. ತೊಗರಿಯ ಧೂಳಿನೊಂದಿಗೆ ಶಿಲೀಂಧ್ರದ ಬೀಜಕಣವೂ ಬರುತ್ತದೆ. ಶಹಾಬಾದ್ ಫರಸಿ ಹಾಸಿದ ನೆಲವಾದರೆ ಕಲ್ಲುಗಳ ನಡುವಿನ ಸಂದಿಯನ್ನು ಮುಚ್ಚಿಸಿ, ಮೇಲೆ ವಿನೈಲ್ ಹಾಳೆ ಹಾಸಿ. ಕಸಬರಿಗೆ ಆಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ: ಮಾಧ್ಯಮದಲ್ಲಿ ಸಕ್ಕರೆ ಇದೆ, ಇರುವೆ ದಾರಿ ಹುಡುಕಿಕೊಂಡು ಬರುತ್ತದೆ.

ಬೋರ್‌ವೆಲ್ ನೀರು ಇಲ್ಲಿ ಗಡಸು, ಮಾಧ್ಯಮಕ್ಕೆ ಭಟ್ಟಿ ಇಳಿಸಿದ ನೀರೇ ಬೇಕು. ಬೆಳವಣಿಗೆ ಕೋಣೆ 25 ಡಿಗ್ರಿಯ ಆಸುಪಾಸು ಇರಬೇಕು. ಏಪ್ರಿಲ್-ಮೇನಲ್ಲಿ ಕರೆಂಟು ಹೋದರೆ ಮುಚ್ಚಿದ ಕೋಣೆ ಬೇಗ ಕಾಯುತ್ತದೆ, ಬಾಟಲಿಯ ಗೋಡೆಯಲ್ಲಿ ಹನಿ ಕಟ್ಟಿ ಚಿಗುರು ನೀರು ತುಂಬಿದಂತೆ ಪಾರದರ್ಶಕವಾಗುತ್ತದೆ. ಇನ್ವರ್ಟರ್ ಎಸಿಯನ್ನು ಎಳೆಯಲಾರದು. ಜನರೇಟರ್ ಇಲ್ಲದಿದ್ದರೆ ಉತ್ತರ ದಿಕ್ಕಿನ, ದಪ್ಪ ಗೋಡೆಯ ಕೋಣೆಯನ್ನೇ ಆರಿಸಿ.

ಮೂರು ಮಾಧ್ಯಮಗಳು

ಎಲ್ಲಕ್ಕೂ ತಳಹದಿ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿನ ಅಂಗಾಂಶಕ್ಕಾಗಿ ರೂಪಿಸಿದ ಎಂಎಸ್ ಮಾಧ್ಯಮ. ಲವಣಗಳನ್ನು ಒಂದೊಂದಾಗಿ ತೂಗುವುದಕ್ಕಿಂತ ಸಿದ್ಧ ಪುಡಿ ತರಿಸುವುದು ವಾಸಿ, ತೂಕದ ತಪ್ಪು ಅಷ್ಟರಮಟ್ಟಿಗೆ ಕಡಿಮೆ. ಕೆಳಗಿನ ಪಟ್ಟಿಯ 2,4-ಡಿ, ಬಿಎಪಿ, ಎನ್‌ಎಎ, ಐಬಿಎಗಳು ಹಾರ್ಮೋನಿನ ಕೆಲಸ ಮಾಡುವ ರಾಸಾಯನಿಕಗಳು, ಕೇಸಿನ್ ಹೈಡ್ರೊಲೈಸೇಟ್ ಮತ್ತು ಪ್ರೋಲಿನ್ ಪೋಷಕಗಳು, ಅಗರ್ ಮಾಧ್ಯಮವನ್ನು ಗಟ್ಟಿಯಾಗಿಸುವ ಪುಡಿ. ಪ್ರತಿ ಲೀಟರಿಗೆ ಲೆಕ್ಕ ಹೀಗೆ:

ಕ್ಯಾಲಸ್‌ಗೆ: ಪೂರ್ಣ ಎಂಎಸ್, ಸಕ್ಕರೆ 30 ಗ್ರಾಂ, 2,4-ಡಿ 2ರಿಂದ 3 ಮಿಲಿಗ್ರಾಂ, ಕೇಸಿನ್ ಹೈಡ್ರೊಲೈಸೇಟ್ 500 ಮಿಲಿಗ್ರಾಂ, ಪ್ರೋಲಿನ್ 500 ಮಿಲಿಗ್ರಾಂ, ಅಗರ್ 8 ಗ್ರಾಂ.
ಚಿಗುರಿಗೆ: ಪೂರ್ಣ ಎಂಎಸ್, ಸಕ್ಕರೆ 30 ಗ್ರಾಂ, ಬಿಎಪಿ 1ರಿಂದ 2 ಮಿಲಿಗ್ರಾಂ, ಎನ್‌ಎಎ 0.1 ಮಿಲಿಗ್ರಾಂ, ಅಗರ್ 8 ಗ್ರಾಂ.
ಬೇರಿಗೆ: ಅರ್ಧ ಎಂಎಸ್, ಸಕ್ಕರೆ 15 ಗ್ರಾಂ, ಐಬಿಎ 0.5ರಿಂದ 1 ಮಿಲಿಗ್ರಾಂ, ಅಗರ್ 7ರಿಂದ 8 ಗ್ರಾಂ.

2,4-ಡಿ ಹೆಸರು ಜೋಳ ಬೆಳೆಯುವವರಿಗೆ ಹೊಸದಲ್ಲ, ಅಗಲ ಎಲೆಯ ಕಳೆಗೆ ಹೊಡೆಯುವ ಔಷಧಿಯೇ ಅದು. ಹಾಗೆಂದು ಗೊಬ್ಬರದ ಅಂಗಡಿಯ ಬಾಟಲಿ ತಂದು ಸುರಿಯಬೇಡಿ. ಅದರಲ್ಲಿ ಬೇರೆ ರಾಸಾಯನಿಕಗಳೂ ಸೇರಿರುತ್ತವೆ. ಲ್ಯಾಬ್ ದರ್ಜೆಯ ಪುಡಿ 100 ಮಿಲಿಗ್ರಾಂ ತೂಗಿ, ಕೆಲವು ಹನಿ 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ, ನೀರು ಸೇರಿಸಿ 100 ಮಿಲಿಲೀಟರ್ ಮಾಡಿ. ಇದು ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇರುವ ದಾಸ್ತಾನು ದ್ರಾವಣ. ಮಾಧ್ಯಮಕ್ಕೆ 2.5 ಮಿಲಿಗ್ರಾಂ ಬೇಕೆಂದರೆ 2.5 ಮಿಲಿಲೀಟರ್ ಹಾಕಿದರಾಯಿತು. ಬಿಎಪಿ, ಎನ್‌ಎಎ, ಐಬಿಎಗಳನ್ನೂ ಹೀಗೆಯೇ ಮಾಡಿ, ತಾರೀಖು ಬರೆದು ಫ್ರಿಡ್ಜ್‌ನಲ್ಲಿಡಿ.

ಅಗರ್ ಹಾಕುವ ಮೊದಲು ಪಿಎಚ್ 5.8ಕ್ಕೆ ತನ್ನಿ. 5ಕ್ಕಿಂತ ಕೆಳಗೆ ಇಳಿದರೆ ಅಗರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆಟೋಕ್ಲೇವ್ 121 ಡಿಗ್ರಿ, 15 ಪೌಂಡ್ ಒತ್ತಡ. ಟೆಸ್ಟ್ ಟ್ಯೂಬಿಗೆ 15 ನಿಮಿಷ, ಕಾಲು ಲೀಟರಿನ ಬಾಟಲಿಗೆ 20. ತಯಾರಾದ ಮಾಧ್ಯಮವನ್ನು ನಾಲ್ಕೈದು ದಿನ ಹಾಗೆಯೇ ಇಟ್ಟು, ಏನೂ ಬೆಳೆಯದಿದ್ದರೆ ಬಳಸಿ. ತುಂಡು ಕಪ್ಪಾಗದಿರಲಿ ಎಂದು ಕೆಲವರು ಕ್ಯಾಲಸ್ ಮಾಧ್ಯಮಕ್ಕೆ ಇದ್ದಿಲ ಪುಡಿ ಹಾಕುತ್ತಾರೆ. ಅದು 2,4-ಡಿಯನ್ನೇ ಹೀರಿಕೊಂಡುಬಿಡುತ್ತದೆ. ಕಪ್ಪಾಗುವ ಕಾಟಕ್ಕೆ 50ರಿಂದ 100 ಮಿಲಿಗ್ರಾಂ ಆಸ್ಕಾರ್ಬಿಕ್ ಆಮ್ಲ ಒಳ್ಳೆಯದು. ಬಿಸಿ ತಾಳದ ಕಾರಣ ಅದನ್ನು ಫಿಲ್ಟರ್ ಮಾಡಿ ಕೊನೆಗೆ ಸೇರಿಸಿ.

ತುಂಡು ತೆಗೆಯುವುದು

ತಂಬಾಕಿನ ಬಹುತೇಕ ಯಾವ ಭಾಗವಾದರೂ ಕ್ಯಾಲಸ್ ಕೊಡುತ್ತದೆ, ಹುಲ್ಲಿನಲ್ಲಿ ಹಾಗಲ್ಲ. ಹುಲ್ಲಿನ ಜೀವಕೋಶ ಬಹಳ ಬೇಗ ಬಲಿತು, ವಿಭಜನೆ ಮರೆತುಬಿಡುತ್ತದೆ. ಇದರಿಂದಾಗಿ ಧಾನ್ಯ ಮತ್ತು ಹುಲ್ಲುಗಳು ಅಂಗಾಂಶ ಕೃಷಿಗೆ ಒಗ್ಗುವುದಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. 1980ರ ದಶಕದ ಆರಂಭದಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಇಂದ್ರ ವಾಸಿಲ್, ವಿಮಲಾ ವಾಸಿಲ್ ಮತ್ತು ಅವರ ಸಂಗಡಿಗರು ಸಜ್ಜೆ, ಗಿನಿ ಹುಲ್ಲು, ನೇಪಿಯರ್‌ಗಳಲ್ಲಿ ಎಳೆ ತೆನೆ, ಎಳೆ ಭ್ರೂಣ, ಸುಳಿ ಎಲೆಗಳಿಂದ ಕ್ಯಾಲಸ್ ಪಡೆದು ಅದರಲ್ಲಿ ಭ್ರೂಣಗಳನ್ನು ಮೂಡಿಸಿ ಗಿಡ ಮಾಡಿ ತೋರಿಸಿದರು. ಎಳೆಯದನ್ನೇ ಹಿಡಿಯಬೇಕೆಂಬ ಪಾಠ ಅಲ್ಲಿಂದ ಬಂದದ್ದು.

ಮೇವಿಗೆಂದು ತಿಂಗಳೊಪ್ಪತ್ತಿಗೆ ಕೊಯ್ಯುವ ಹುಲ್ಲಿನಲ್ಲಿ ತೆನೆ ಸಿಗುವುದಿಲ್ಲ. ಆಗಸ್ಟ್ ಕೊನೆಯಿಂದಲೇ ಹತ್ತು ಹದಿನೈದು ಬುಡಗಳನ್ನು ಕೊಯ್ಯದೆ ಬಿಡಿ. ಹೊಡೆ ಉಬ್ಬಿ ತೆನೆ ಇಣುಕುವ ಹಂತ ಆಗಲೇ ತಡವಾದದ್ದು. ಕಡೆಯ ಎಲೆ ಇನ್ನೂ ಪೂರ್ತಿ ಬಿಚ್ಚದಿರುವಾಗ ಕಾಂಡ ಕತ್ತರಿಸಿ, ಸೀಳಿ ನೋಡಿ. ಒಳಗಿನ ತೆನೆ ಒಂದರಿಂದ ಮೂರು ಸೆಂಟಿಮೀಟರ್ ಉದ್ದ, ಕೆನೆ ಬಿಳುಪು, ಬೆರಳಿಗೆ ಮೆತ್ತಗೆ ಸಿಗಬೇಕು. ಹಸಿರು ಅಥವಾ ನೇರಳೆ ಬಣ್ಣ ತಿರುಗಿದ್ದರೆ ಬಿಟ್ಟುಬಿಡಿ.

ಸುಳಿಯಾದರೆ ನೀರು-ಗೊಬ್ಬರ ಚೆನ್ನಾಗಿ ಸಿಕ್ಕ, ಆರೆಂಟು ವಾರದ ಮರಿಯನ್ನು ಆರಿಸಿ. ಹೊರಗಿನ ಎಲೆಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದರೆ ನಡುವೆ ಹಳದಿ ಬಿಳುಪಿನ ಸುರುಳಿ ಸಿಗುತ್ತದೆ. ಬೆಳೆಯುವ ತುದಿಯಿಂದ ಮೇಲಕ್ಕೆ ಎರಡು ಮೂರು ಸೆಂಟಿಮೀಟರ್ ಮಾತ್ರ ಕೆಲಸಕ್ಕೆ ಬರುತ್ತದೆ. ಅದರಲ್ಲೂ ಬುಡದ ತುಂಡಿಗೆ ಮೊದಲ ಮರ್ಯಾದೆ. ಗಿನಿ, ಅಂಜನ್ ಹುಲ್ಲುಗಳಲ್ಲಿ ಹೊಟ್ಟು ಉಜ್ಜಿ ತೆಗೆದ ಕಾಳನ್ನೇ ಮಾಧ್ಯಮದ ಮೇಲಿಡಬಹುದು. ಇದಕ್ಕೆ 2,4-ಡಿ ಸ್ವಲ್ಪ ಹೆಚ್ಚು ಬೇಕು, 3ರಿಂದ 5 ಮಿಲಿಗ್ರಾಂ.

ಶುದ್ಧೀಕರಣ

ಹೊಡೆ ಮತ್ತು ಸುಳಿಗಳಿಗೆ ಪ್ರಕೃತಿಯೇ ಹೊದಿಕೆ ಕೊಟ್ಟಿದೆ, ಒಳಭಾಗ ಬಹುಮಟ್ಟಿಗೆ ಶುದ್ಧವಾಗಿರುತ್ತದೆ. ಕ್ರಮ ಹೀಗಿರಲಿ:

1. ಹೊರ ಎಲೆ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಹರಿಯುವ ನೀರಿಗೆ 20 ನಿಮಿಷ ಹಿಡಿಯಿರಿ.
2. 0.1 ಶೇಕಡಾ ಕಾರ್ಬೆಂಡಜಿಂ (ಶಿಲೀಂಧ್ರನಾಶಕ) ದ್ರಾವಣದಲ್ಲಿ 15 ನಿಮಿಷ ಇಟ್ಟು ತೊಳೆಯಿರಿ.
3. ಲ್ಯಾಮಿನಾರ್ ಒಳಗೆ 70 ಶೇಕಡಾ ಸ್ಪಿರಿಟ್‌ನಿಂದ ಹೊರಭಾಗ ಒರೆಸಿ, ಸುಟ್ಟು ಆರಿಸಿದ ಚಿಮುಟದಿಂದ ಉಳಿದ ಎಲೆ ಬಿಡಿಸಿ.
4. ಒಳಗಿನ ತೆನೆ ಅಥವಾ ಸುಳಿಯನ್ನು 1 ಶೇಕಡಾ ಸೋಡಿಯಂ ಹೈಪೊಕ್ಲೋರೈಟ್ (ಬ್ಲೀಚ್) ದ್ರಾವಣದಲ್ಲಿ 5 ನಿಮಿಷ ಅದ್ದಿ. ಕಾಳಾದರೆ 70 ಶೇಕಡಾ ಆಲ್ಕೊಹಾಲ್‌ನಲ್ಲಿ ಒಂದು ನಿಮಿಷ, ಆಮೇಲೆ ಹೈಪೊಕ್ಲೋರೈಟ್‌ನಲ್ಲಿ 20ರಿಂದ 30 ನಿಮಿಷ.
5. ಶುದ್ಧೀಕರಿಸಿದ ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆದು, 2ರಿಂದ 3 ಮಿಲಿಮೀಟರ್ ತುಂಡು ಮಾಡಿ ಮಾಧ್ಯಮದ ಮೇಲಿಡಿ. ಒಳಗೆ ಹೂಳಬೇಡಿ.

ಎಷ್ಟೋ ಲ್ಯಾಬುಗಳಲ್ಲಿ ಈಗಲೂ ಮರ್ಕ್ಯುರಿಕ್ ಕ್ಲೋರೈಡ್ ಬಳಸುತ್ತಾರೆ. ಪರಿಣಾಮಕಾರಿ ನಿಜ, ಆದರೆ ಪಾದರಸದ ವಿಷ ಅದು. ತೊಳೆದ ನೀರನ್ನು ಮೋರಿಗೆ ಚೆಲ್ಲುವ ಜಾಗದಲ್ಲಂತೂ ಬೇಡವೇ ಬೇಡ. ಎಳೆ ತೆನೆಗೆ ಹೈಪೊಕ್ಲೋರೈಟ್ ಸಾಕು.

ಲ್ಯಾಮಿನಾರ್‌ನ ಯುವಿ ದೀಪವನ್ನು ಕೆಲಸಕ್ಕೆ 20 ನಿಮಿಷ ಮೊದಲು ಹಚ್ಚಿ, ಕೂರುವಾಗ ಆರಿಸಿ. ಸ್ಪಿರಿಟ್ ಹಚ್ಚಿದ ಕೈ ಒಣಗುವ ಮೊದಲು ಚಿಮುಟ ಸುಡುವ ಸ್ಪಿರಿಟ್ ದೀಪದ ಉರಿಯ ಹತ್ತಿರ ಒಯ್ಯಬೇಡಿ. ಮೂರ್ನಾಲ್ಕು ದಿನಕ್ಕೆ ಬೂಷ್ಟು ಕಂಡರೆ ಅದು ಹೊರಗಿನದು, ಕೈಯದೋ ಗಾಳಿಯದೋ. ಎರಡು ಮೂರು ವಾರದ ನಂತರ ತುಂಡಿನ ಬುಡದಲ್ಲಿ ಹಾಲಿನಂಥ ಮಬ್ಬು ಕಂಡರೆ ಅಂಗಾಂಶದ ಒಳಗೇ ಇದ್ದ ಬ್ಯಾಕ್ಟೀರಿಯಾ. ಇದಕ್ಕೆ ಆ್ಯಂಟಿಬಯೋಟಿಕ್ ಹಾಕಿ ಒದ್ದಾಡುವುದಕ್ಕಿಂತ ತಾಯಿ ಬುಡವನ್ನೇ ಬದಲಿಸಿ.

ಯಾವ ಕ್ಯಾಲಸ್ ಇಟ್ಟುಕೊಳ್ಳಬೇಕು

ಇಡೀ ಕೆಲಸದ ಗೆಲುವು ನಿಂತಿರುವುದು ಈ ಹಂತದ ಮೇಲೆ, ಮತ್ತು ಇದನ್ನು ಯಾವ ಯಂತ್ರವೂ ಮಾಡಿಕೊಡುವುದಿಲ್ಲ.

ಬಾಟಲಿಗಳನ್ನು ಕತ್ತಲೆಯಲ್ಲಿ, 25ರಿಂದ 27 ಡಿಗ್ರಿಯಲ್ಲಿ ಇಡಿ. ವಾರದೊಳಗೆ ತುಂಡು ಉಬ್ಬುತ್ತದೆ, ಆಮೇಲೆ ಕತ್ತರಿಸಿದ ಅಂಚಿನಲ್ಲಿ ಕ್ಯಾಲಸ್ ಇಣುಕುತ್ತದೆ. ಮೂರನೇ ವಾರದ ಹೊತ್ತಿಗೆ ಒಂದೇ ತುಂಡಿನ ಮೇಲೆ ಎರಡು ಬಗೆ ಕಾಣಿಸಬಹುದು. ಒಂದು ಬೇಗ ಬೆಳೆಯುವಂಥದ್ದು: ಮೆತ್ತಗೆ, ನೀರು ನೀರಾಗಿ, ಅರೆಪಾರದರ್ಶಕ, ಚಿಮುಟ ತಾಗಿಸಿದರೆ ಎಳೆ ಎಳೆಯಾಗಿ ಬರುತ್ತದೆ. ಹೊಸಬರು ಇದರ ಗಾತ್ರ ನೋಡಿ ಹಿಗ್ಗುತ್ತಾರೆ. ಇದರಿಂದ ಹೆಚ್ಚೆಂದರೆ ಬೇರು ಬರುತ್ತದೆ, ಗಿಡ ಬರುವುದಿಲ್ಲ. ಇನ್ನೊಂದು ನಿಧಾನವಾಗಿ, ಸಣ್ಣ ಗುಪ್ಪೆಗಳಲ್ಲಿ ಬೆಳೆಯುವಂಥದ್ದು: ಕೆನೆ ಬಿಳುಪು ಅಥವಾ ತಿಳಿ ಹಳದಿ, ಗಟ್ಟಿ, ಒಣಗಿದಂಥ ಮೈ, ಜೋಳದ ನುಚ್ಚಿನ ಹಾಗೆ ಕಾಳು ಕಾಳು. ಭ್ರೂಣ ಮೂಡುವ ಕ್ಯಾಲಸ್ ಇದೇ.

ನಾಲ್ಕನೇ ವಾರದಿಂದ ಎರಡನೆಯ ಬಗೆಯನ್ನು ಮಾತ್ರ ಕಡ್ಡಿ ಮೊನೆಯಷ್ಟು ಬಿಡಿಸಿ ಹೊಸ ಮಾಧ್ಯಮಕ್ಕೆ ಹಾಕಿ. ಮೆತ್ತನೆಯದು ಅಂಟಿಕೊಂಡಿದ್ದರೆ ಕೆರೆದು ತೆಗೆಯಿರಿ, ಬಿಟ್ಟರೆ ಅದೇ ಮೇಲುಗೈ ಪಡೆಯುತ್ತದೆ. ಕಣ್ಣು ಪಳಗುವವರೆಗೆ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸುತ್ತ, ಮೂರು ನಾಲ್ಕು ಬದಲಾವಣೆಯೊಳಗೆ ಚಿಗುರಿಗೆ ಹಾಕಿಬಿಡಿ. ಪ್ರತಿ ಬಾಟಲಿಯ ಮೇಲೂ ತಾಯಿ ಬುಡದ ಸಂಖ್ಯೆ, ತುಂಡಿನ ಸಂಖ್ಯೆ, ಎಷ್ಟನೇ ಬದಲಾವಣೆ ಎಂದು ಬರೆಯಿರಿ. ಇದಿಲ್ಲದಿದ್ದರೆ ಮುಂದೆ ಹೊಲದಲ್ಲಿ ಒಳ್ಳೆಯ ಗಿಡ ಸಿಕ್ಕರೂ ಅದರ ಮೂಲ ಗೊತ್ತಾಗುವುದಿಲ್ಲ.

ಸವಳು ತಾಳುವ ಗಿಡ ಹುಡುಕುವುದಾದರೆ ಉಪ್ಪು ಸೇರಿಸುವ ಹಂತವೂ ಇದೇ. ಕ್ಯಾಲಸ್ ಮಾಧ್ಯಮಕ್ಕೆ ಲೀಟರಿಗೆ 3 ಗ್ರಾಂ ಸೋಡಿಯಂ ಕ್ಲೋರೈಡ್‌ನಿಂದ ಶುರುಮಾಡಿ, ಬದುಕಿದ್ದನ್ನು 6ಕ್ಕೆ, ಆಮೇಲೆ 9ಕ್ಕೆ ಏರಿಸಿ. ಪಕ್ಕದಲ್ಲಿ ಉಪ್ಪಿಲ್ಲದ ಬಾಟಲಿಯೂ ಇರಲಿ. ಕ್ಯಾಲಸ್ ತಾಳಿತೆಂದು ಗಿಡ ತಾಳುತ್ತದೆ ಎಂದೇನಿಲ್ಲ. ಜೀವಕೋಶ ಉಪ್ಪಿಗೆ ತಾತ್ಕಾಲಿಕವಾಗಿ ಒಗ್ಗಿಕೊಂಡಿರಬಹುದು. ಸವಳು ಮಣ್ಣು ತುಂಬಿದ ಕುಂಡದಲ್ಲಿ ಬೆಳೆದು ತೋರಿಸುವವರೆಗೆ ತಳಿ ಎಂದು ಕರೆಯಬೇಡಿ.

ಚಿಗುರು, ಬೇರು

ಆರಿಸಿದ ಕ್ಯಾಲಸ್ಸನ್ನು ಚಿಗುರು ಮಾಧ್ಯಮಕ್ಕೆ ಹಾಕಿ, ಮೊದಲ ವಾರ ಮಂದ ಬೆಳಕು, ಆಮೇಲೆ ದಿನಕ್ಕೆ 16 ಗಂಟೆ ಎಲ್‌ಇಡಿ ಟ್ಯೂಬಿನ 2000ದಿಂದ 3000 ಲಕ್ಸ್ ಬೆಳಕು ಕೊಡಿ. ಎರಡು ವಾರಕ್ಕೆ ಹಸಿರು ಚುಕ್ಕೆ, ಮೂರು ನಾಲ್ಕಕ್ಕೆ ಎಲೆ. ಅಪ್ಪಟ ಬಿಳಿ ಎಲೆಯ ಗಿಡಗಳು ಬಂದರೆ ಬಿಸಾಡಿ, ಸಕ್ಕರೆ ಮುಗಿದ ದಿನ ಅವು ಸಾಯುತ್ತವೆ.

ಎರಡು ಮೂರು ಸೆಂಟಿಮೀಟರಿನ ಚಿಗುರನ್ನು ಬೇರಿನ ಮಾಧ್ಯಮಕ್ಕೆ ಬದಲಿಸಿ. ಹುಲ್ಲಿಗೆ ಬೇರು ಬರುವುದು ಕಷ್ಟವಲ್ಲ, ಎಷ್ಟೋ ಸಲ ಹಾರ್ಮೋನು ಇಲ್ಲದೆಯೂ ಬರುತ್ತದೆ.

ಹೊರಗೆ ತರುವುದು

ಬೇರಿಗೆ ಅಂಟಿದ ಅಗರ್ ಪೂರ್ತಿ ಹೋಗುವಂತೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಉಳಿದ ಸಕ್ಕರೆಗೆ ಬೂಷ್ಟು ಹಿಡಿಯುತ್ತದೆ. 0.1 ಶೇಕಡಾ ಕಾರ್ಬೆಂಡಜಿಂನಲ್ಲಿ ಅದ್ದಿ, ಎಲೆಗಳ ತುದಿಯ ಮೂರನೇ ಒಂದು ಭಾಗ ಕತ್ತರಿಸಿ. ಸಸಿ ನೆಡುವ ಕಪ್‌ಗೆ ನಮ್ಮ ಎರೆ ಮಣ್ಣು ತುಂಬಬೇಡಿ: ನೀರು ಹಾಕಿದರೆ ಕೆಸರು, ಬಿಟ್ಟರೆ ಬಿರುಕು, ಎರಡರಲ್ಲೂ ಬೇರಿಗೆ ಕೇಡು. ತೊಳೆದ ತೆಂಗಿನ ನಾರಿನ ಪುಡಿ, ಮರಳು, ಎರೆಹುಳು ಗೊಬ್ಬರ ಸಮಸಮ ಬೆರೆಸಿ.

ಮೊದಲ ವಾರ ಪಾಲಿಥೀನ್ ಹೊದಿಕೆಯೊಳಗೆ, ತೇವಾಂಶ 85 ಶೇಕಡಾದ ಮೇಲಿರುವಂತೆ ನೋಡಿ. ಎರಡನೇ ವಾರದಿಂದ ಬೆಳಗ್ಗೆ ಸಂಜೆ ಅರ್ಧ ಗಂಟೆ ತೆರೆಯಿರಿ, ದಿನದಿಂದ ದಿನಕ್ಕೆ ಹೆಚ್ಚಿಸಿ. ಮೂರನೇ ವಾರ ಹೊದಿಕೆ ತೆಗೆದು 50 ಶೇಕಡಾ ನೆರಳು ಪರದೆಯ ಕೆಳಗೆ ಇಡಿ. ಹೊಸದಾಗಿ ಬಂದ ಎಲೆ ಗಮನಿಸಿ: ಬಾಟಲಿಯಲ್ಲಿ ಬೆಳೆದ ಹಳೆ ಎಲೆಗಳು ಹೇಗೂ ಒಣಗುತ್ತವೆ, ಹೊರಗೆ ಹುಟ್ಟಿದ ಎರಡು ಮೂರು ಎಲೆ ಗಟ್ಟಿಯಾದರೆ ಸಸಿ ಉಳಿಯಿತು. ಮಳೆ ತಡವಾಗಿ ಗಾಳಿ ಒಣಗಿದ್ದರೆ ಪರದೆಯ ಪಡುವಣ ಬದಿಗೆ ಒದ್ದೆ ಗೋಣಿತಟ್ಟು ಕಟ್ಟಿ.

ಹೊಲದಲ್ಲಿ ನೆಡುವಾಗ ತಾಯಿ ಬುಡದ ಕಾಂಡದಿಂದ ಬೆಳೆಸಿದ ಗಿಡಗಳನ್ನೂ ಅದೇ ಸಾಲಿನಲ್ಲಿ, 90 ಸೆಂಟಿಮೀಟರ್ ಸಾಲು, 60 ಸೆಂಟಿಮೀಟರ್ ಗಿಡದ ಅಂತರದಲ್ಲಿ ಇಡಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಮೊದಲ ಕೊಯ್ಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಂಗಾಂಶ ಕೃಷಿಯ ಗಿಡಗಳಲ್ಲಿ ಮೊದಮೊದಲು ಮರಿಗಳು ಹೆಚ್ಚು, ಕಾಂಡ ಸಣ್ಣ, ಮತ್ತು ಅದು ಹಾರ್ಮೋನಿನ ಉಳಿಕೆ ಪ್ರಭಾವ ಇರಬಹುದು. 40ರಿಂದ 45 ದಿನಕ್ಕೊಮ್ಮೆ ಕೊಯ್ಯುತ್ತ ಮೂರನೇ ಕೊಯ್ಲಿನಿಂದ ಎತ್ತರ, ಮರಿಗಳ ಸಂಖ್ಯೆ, ಹಸಿ ಮತ್ತು ಒಣ ತೂಕ ಬರೆದಿಡಿ. ನೇಪಿಯರ್ ಜಾತಿಯಲ್ಲಿ ಆಕ್ಸಲೇಟ್ ಅಂಶ ಇರುತ್ತದೆ, ಅದು ದನದ ದೇಹಕ್ಕೆ ಸುಣ್ಣದಂಶ ದಕ್ಕದಂತೆ ಮಾಡುತ್ತದೆ. ಏರುಪೇರಿನ ಗಿಡಗಳಲ್ಲಿ ಅದು ತಾಯಿಗಿಂತ ಹೆಚ್ಚಿರಲೂಬಹುದು. ಆದ್ದರಿಂದ ಇಳುವರಿ ಎಷ್ಟೇ ಚೆನ್ನಾಗಿದ್ದರೂ ಆಕ್ಸಲೇಟ್ ಪರೀಕ್ಷೆ ಮಾಡಿಸುವವರೆಗೆ ಆ ಸಾಲಿನ ಹುಲ್ಲನ್ನು ದೇವಣಿ ಹಸುವಿನ ಗೋದಲಿಗೆ ಹಾಕಬೇಡಿ.